ಪಾತ್ರ ನಮ್ಮದು, ಪದ ಯಾರದು?

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಕುರುಕ್ಷೇತ್ರ ನಾಟಕ ಆಡುವವರನ್ನು ನಾವು ಬಲ್ಲೆವು. ಪಾತ್ರಧಾರಿಗಳೇ ಕೈಯಿಂದ ಹಣ ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ತಕ್ಕಂತೆ ಮಾತು, ಮಟ್ಟು ಬದಲಿಸುತ್ತಾರೆ. ಬರೆದವರ ಒಪ್ಪಿಗೆ ಬೇಡವೇ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಹವ್ಯಾಸಿ ಸಂಘವು ಪ್ರೇಕ್ಷಕರಿಂದ ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ನೆರವಿಗಾಗಿ ಆಡಿದರೆ ಹಕ್ಕುಭಂಗವಲ್ಲ. ಆದರೆ ಲೇಖಕನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದನ್ನು 57ನೇ ಕಲಮು ಒಪ್ಪುವುದಿಲ್ಲ.

1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. 2009ರ ತೀರ್ಪು ಉಯಿಲಿನ ಮೂಲಕ ಹಕ್ಕು ಪಡೆದವರ ಪರವಾಗಿ ನಿಂತರೂ 52ನೇ ಕಲಮಿನ ವಿನಾಯಿತಿಯ ಬಾಗಿಲನ್ನು ಮುಚ್ಚಲಿಲ್ಲ.

ಅಮೆರಿಕದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಪಾತ್ರಾಭಿನಯದ ಆಟಕ್ಕೆ ಅಭಿಮಾನಿಗಳೂ ಕಥೆ ಕಟ್ಟುತ್ತಾರೆ. ಅದಕ್ಕೆಂದು 2000ದಲ್ಲಿ ಕೊಟ್ಟ ಮುಕ್ತ ಪರವಾನಗಿಯನ್ನು ಪ್ರಕಾಶಕರು 2023ರಲ್ಲಿ ಬದಲಿಸಲು ಹೊರಟರು. ಅಭಿಮಾನಿಗಳು ತಿರುಗಿಬಿದ್ದ ಮೇಲೆ ಹಿಂದೆ ಸರಿದರು.

ಪರವಾನಗಿ ಮಾಲೀಕನ ಮರ್ಜಿ. ಕಾಯ್ದೆಯ ವಿನಾಯಿತಿ ಊರಿನ ಹಕ್ಕು. ಹಾಗೆಂದು ಲಾಭಕ್ಕಾಗಿ ಟಿಕೆಟ್ ಹರಿದ ದಿನ ಬರೆದವರ ಪಾಲನ್ನು ಮರೆಯಬಾರದು. ಕಥೆ ಬರೆಯುವ ನಮಗೆ ಎರಡೂ ಬೇಕು: ನಮ್ಮ ಹೆಸರು ಉಳಿಯಬೇಕು, ಊರಿನ ಆಟವೂ ನಿಲ್ಲಬಾರದು.