ಒಳ್ಳೆಮೆಣಸಿನಿಂದ ಮಟ್ಟುಗುಳ್ಳದವರೆಗೆ: ಹಿತ್ತಿಲು ಹೇಳುವ ಇತಿಹಾಸ



ಕರಾವಳಿಯವರಾದ ನಾವು ಕಾಳುಮೆಣಸನ್ನು ‘ಒಳ್ಳೆಮೆಣಸು’ ಎನ್ನುತ್ತೇವೆ. ಹಾಗಾದರೆ ಕೆಟ್ಟ ಮೆಣಸು ಯಾವುದೆಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ್ದ. ತರಗತಿಯೆಲ್ಲ ನಕ್ಕಿತು. ಆದರೆ ಅದು ನಕ್ಕು ಬಿಡಬಹುದಾದ ಪ್ರಶ್ನೆಯಾಗಿರಲಿಲ್ಲ. ನಲವತ್ತು ನಿಮಿಷಗಳ ಅವಧಿಯಲ್ಲಿ ಅಂದು ಎರಡು ಮಾತಿನ ಉತ್ತರಕ್ಕಷ್ಟೇ ಅವಕಾಶವಿತ್ತು. ಇಂದು ಬಿಡುವಿದೆ, ವಿವರವಾಗಿಯೇ ಹೇಳುತ್ತೇನೆ.

ಕನ್ನಡದಲ್ಲಿ ‘ಮೆಣಸು’ ಎಂದರೆ ಮೂಲತಃ ಬಳ್ಳಿಯಲ್ಲಿ ಬಿಡುವ ಕಾಳುಮೆಣಸು ಮಾತ್ರ. 1492ರಲ್ಲಿ ಕೊಲಂಬಸನು ಅಮೆರಿಕದ ದ್ವೀಪಗಳನ್ನು ತಲುಪಿದನು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದನು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. ಈ ಮೂರು ಇಸವಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನೆನಪಿರಬಹುದು. ಅವುಗಳ ಪರಿಣಾಮ ನಮ್ಮ ಒಲೆಯ ಮೇಲೆ ಹೇಗಾಯಿತೆಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ಪೋರ್ಚುಗೀಸರು ಮೆಣಸನ್ನು ಹುಡುಕಿಕೊಂಡು ಬಂದರು; ಬರುವಾಗ ಅದರ ಪ್ರತಿಸ್ಪರ್ಧಿಯನ್ನೂ ಅಮೆರಿಕದಿಂದ ಹೊತ್ತು ತಂದರು. ಖಾರವಾಗಿದ್ದ ಆ ಹೊಸ ಕಾಯಿಗೆ ನಮ್ಮವರು ‘ಮೆಣಸಿನಕಾಯಿ’ ಎಂದು ಹೆಸರಿಟ್ಟರು. ಹಿತ್ತಿಲಿನಲ್ಲಿ ಯಾರು ಬೇಕಾದರೂ ಬೆಳೆಯಬಹುದಾದ ಈ ಗಿಡವು ಕ್ರಮೇಣ ಹೆಸರನ್ನೇ ಕಬಳಿಸಿತು. ಕರಾವಳಿಯ ಮಾತಿನಲ್ಲಿ ಬರಿದೆ ‘ಮೆಣಸು’ ಎಂದರೆ ಈಗ ಕೆಂಪು ಮೆಣಸಿನಕಾಯಿಯೇ. ಹೆಸರಿನ ಮೂಲ ಒಡೆಯನು ‘ಒಳ್ಳೆ’, ‘ಕರಿ’, ‘ಕಾಳು’ ಎಂಬ ವಿಶೇಷಣಗಳನ್ನು ಅಂಟಿಸಿಕೊಂಡು ತನ್ನ ಗುರುತನ್ನು ಉಳಿಸಿಕೊಳ್ಳಬೇಕಾಯಿತು. ತುಳುವಿನಲ್ಲಿಯೂ ಇದೇ ಕಥೆ: ‘ಮುಂಚಿ’ ಎಂದರೆ ಮೆಣಸಿನಕಾಯಿ, ‘ಎಡ್ಡೆ ಮುಂಚಿ’ ಎಂದರೆ ಕಾಳುಮೆಣಸು.

ಹೀಗೆ ಹೆಸರುಗಳನ್ನು ಕೆದಕುತ್ತ ಹೋದರೆ ತರಕಾರಿಯ ಬುಟ್ಟಿಯೇ ಒಂದು ಶಾಸನದಂತೆ ಓದಿಸಿಕೊಳ್ಳುತ್ತದೆ. ಬಟಾಟೆ, ಅನಾನಸು, ಪೇರಳೆ ಎಂಬ ಪದಗಳು ಪೋರ್ಚುಗೀಸರ ಬಾಯಿಂದ ಬಂದವು. ಪಪ್ಪಾಯಿಗೆ ಹಳೆಯ ಮೈಸೂರಿನವರು ‘ಪರಂಗಿ ಹಣ್ಣು’ ಎಂದರು. ‘ಸೀಮೆ ಬದನೆ’ಯ ಸೀಮೆಯೂ ಪರದೇಶವೇ. ತಮಿಳರು ಅದೇ ಕಾಯಿಯನ್ನು ‘ಬೆಂಗಳೂರು ಕತ್ತರಿಕಾಯಿ’ ಎನ್ನುತ್ತಾರೆ. ಅವರ ಪಾಲಿಗೆ ಬೆಂಗಳೂರೇ ಸೀಮೆಯಾಯಿತು! ಸಿಹಿಗುಂಬಳವನ್ನು ನಮ್ಮಲ್ಲಿ ಅನೇಕರು ‘ಚೀನಿಕಾಯಿ’ ಎನ್ನುತ್ತಾರಾದರೂ ಅದರ ತವರು ಚೀನವಲ್ಲ, ಅಮೆರಿಕ. ನಮ್ಮ ಹಳೆಯ ಕುಂಬಳವೆಂದರೆ ಬೂದುಗುಂಬಳವೇ.

ಹಾಗಾದರೆ ಮೆಣಸಿನಕಾಯಿ, ಬಟಾಟೆ, ಟೊಮೇಟೊ ಇಲ್ಲದೆ ನಮ್ಮ ಹಿರಿಯರು ಏನನ್ನು ಉಣ್ಣುತ್ತಿದ್ದರು? ಇದಕ್ಕೆ ನಮ್ಮಲ್ಲಿ ಲಿಖಿತ ಆಧಾರಗಳಿವೆ. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಇದೆ, ಸೂಪಶಾಸ್ತ್ರವೂ ಇದೆ, ಗಿಡ ಬೆಳೆಸುವ ವಿದ್ಯೆಯನ್ನೂ ಅಡುಗೆಯ ವಿದ್ಯೆಯನ್ನೂ ಒಂದೇ ಗ್ರಂಥದಲ್ಲಿ ಇಟ್ಟಿರುವುದು ಮೆಚ್ಚತಕ್ಕ ವಿಚಾರ. 1129ರ ಸುಮಾರಿನಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದು, ಅರಮನೆಯ ಊಟವನ್ನು ವರ್ಣಿಸಿದನು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿ ಬದನೆ, ಹಲಸು, ಬಾಳೆ, ಬಿದಿರ ಕಳಲೆಗಳ ಪಾಕಗಳನ್ನು ಹಾಡಿದನು. ಈ ಗ್ರಂಥಗಳ ಅಡುಗೆಮನೆಯಲ್ಲಿ ಖಾರಕ್ಕೆ ಮೆಣಸು, ಶುಂಠಿಗಳೇ ಗತಿ.

ಗ್ರಂಥಗಳಿಗಿಂತ ಹತ್ತಿರದ ಸಾಕ್ಷಿಯೊಂದು ಬೇಕೆಂದರೆ ಶ್ರಾದ್ಧದ ಅಡುಗೆಮನೆಗೆ ಬನ್ನಿ. ಮನೆಮನೆಗೆ ಪದ್ಧತಿ ಭೇದವಿದ್ದರೂ, ಆ ದಿನ ಬಟಾಟೆ, ಟೊಮೇಟೊ, ಎಲೆಕೋಸು, ಬೀಟ್‌ರೂಟ್‌ಗಳು ಒಳಗೆ ಬರುವಂತಿಲ್ಲ. ಖಾರಕ್ಕೆ ಒಳ್ಳೆಮೆಣಸು, ಮೇಲೋಗರಕ್ಕೆ ಹಾಗಲ, ಬಾಳೆಕಾಯಿ, ಸುವರ್ಣಗಡ್ಡೆ. ಪಿತೃಗಳು ತಮ್ಮ ಜೀವಿತಕಾಲದಲ್ಲಿ ಕಾಣದ ತರಕಾರಿಯನ್ನು ಅವರಿಗೆ ಬಡಿಸಬಾರದೆಂಬ ಭಾವನೆಯೋ, ಹೊಸತನ್ನು ಕುರಿತ ಅಳುಕೋ, ಕಾರಣ ಏನೇ ಇರಲಿ, ವರ್ಷಕ್ಕೊಮ್ಮೆ ನಮ್ಮ ಮನೆಗಳಲ್ಲಿ ಗಾಮನು ಬರುವುದಕ್ಕೆ ಹಿಂದಿನ ಊಟವೊಂದು ಸಿದ್ಧವಾಗುತ್ತದೆ. ಯಾವ ವಸ್ತುಸಂಗ್ರಹಾಲಯವೂ ರುಚಿಯನ್ನು ಹೀಗೆ ಕಾಪಿಟ್ಟಿಲ್ಲ.

ಆದರೆ ಸಂಪ್ರದಾಯವೂ ಕೆಲವೊಮ್ಮೆ ತೂಕಡಿಸುತ್ತದೆ! ಉತ್ತರ ಕರ್ನಾಟಕದ ಮತ್ತು ಮಹಾರಾಷ್ಟ್ರದ ಅನೇಕ ಮನೆಗಳಲ್ಲಿ ಏಕಾದಶಿಯ ಉಪವಾಸಕ್ಕೆ ಸಾಬುದಾಣಿಯ ಖಿಚಡಿ ಮಾಡುತ್ತಾರೆ. ಸಾಬುದಾಣಿಯನ್ನು ತೆಗೆಯುವ ಮರಗೆಣಸು, ಅದಕ್ಕೆ ಬೆರೆಸುವ ಬಟಾಟೆ, ಶೇಂಗಾ, ಹಸಿಮೆಣಸಿನಕಾಯಿ ನಾಲ್ಕೂ ಅಮೆರಿಕದವು. ಅನ್ನವನ್ನು ಬಿಟ್ಟು ಕೊಲಂಬಸನನ್ನು ಉಂಡಂತಾಯಿತು. ಸಿಹಿಗೆಣಸಂತೂ ನಮ್ಮ ಕಾಡುಗೆಣಸಿನ ಹೆಸರನ್ನು ಹೊದ್ದುಕೊಂಡು ಯಾರ ಗಮನಕ್ಕೂ ಬಾರದೆ ವ್ರತದ ಎಲೆಯ ಮೇಲೆ ಬಂದು ಕುಳಿತಿದೆ.

ಇದನ್ನು ಹೇಳಿದ್ದು ಯಾರನ್ನೂ ಹಾಸ್ಯ ಮಾಡುವುದಕ್ಕಲ್ಲ. ‘ನಾಟಿ ತರಕಾರಿ’, ‘ಊರ ತರಕಾರಿ’ ಎಂಬ ಮಾತುಗಳನ್ನು ಈಚೆಗೆ ಬಹಳ ಹೆಮ್ಮೆಯಿಂದ ಆಡುತ್ತೇವೆ. ಹುಟ್ಟಿದ ನೆಲವೇ ಲಕ್ಷಣವೆಂದು ಹಿಡಿದರೆ ಬುಟ್ಟಿಯಲ್ಲಿ ಉಳಿಯುವುದು ಸ್ವಲ್ಪವೇ. ಬದನೆ, ಸೌತೆಗಳು ಭಾರತದವು. ಬಸಳೆ, ಹರಿವೆಗಳು ಏಷ್ಯದವು. ಆದರೆ ಸೋರೆ, ಅಲಸಂದೆ, ಅವರೆಗಳು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವು. ಅಷ್ಟೇಕೆ, ಮಕ್ಕಳಿಗೆ ಶೀತವಾದಾಗ ನಾವು ರಸ ಹಿಂಡುವ ದೊಡ್ಡಪತ್ರೆಯೂ ಆಫ್ರಿಕದ ಕಡೆಯದೇ. ಇತ್ತ ಅಮೆರಿಕದಿಂದ ಬಂದ ಮೆಣಸಿನಕಾಯಿಯು ಬ್ಯಾಡಗಿಯ ಸೀಮೆಯಲ್ಲಿ ಸುಕ್ಕುಗಟ್ಟಿ, ಖಾರ ತಗ್ಗಿಸಿಕೊಂಡು, ಬಣ್ಣ ಏರಿಸಿಕೊಂಡು ಆ ನೆಲದ್ದೇ ಆಗಿಹೋಯಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಆದ್ದರಿಂದ ಒಂದು ತರಕಾರಿಯನ್ನು ನಮ್ಮದಾಗಿಸುವುದು ಅದರ ತವರಲ್ಲ. ಇಲ್ಲಿ ಅದನ್ನು ಬೆಳೆದು, ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಟ್ಟು, ಮರುವರ್ಷ ಮತ್ತೆ ಬಿತ್ತಿದ ಕೈಗಳ ಸಾಲು. ಆ ಸಾಲು ತುಂಡಾಗದಿದ್ದರೆ ತಳಿ ಉಳಿಯಿತು, ತುಂಡಾದರೆ ಹೋಯಿತು.

ಉಳಿದ ತಳಿಗೆ ಉಡುಪಿಯ ಮಟ್ಟುಗುಳ್ಳಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿಯದು. ಕಟಪಾಡಿಯ ಸಮೀಪ, ಕಡಲ ಬದಿಯಲ್ಲಿರುವ ಮಟ್ಟು ಗ್ರಾಮದ ಮರಳುಮಿಶ್ರಿತ ಗದ್ದೆಗಳಲ್ಲಿ, ಮಳೆಗಾಲದ ಭತ್ತದ ಕೊಯ್ಲಾದ ಮೇಲೆ ಇದರ ಸಸಿಗಳನ್ನು ನೆಡುತ್ತಾರೆ. ಗುಂಡಗಿನ ಕಾಯಿ, ತಿಳಿಹಸಿರು ಬಣ್ಣದ ಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜ ಯತಿಗಳಿಗೆ ಈ ಬೀಜವು ಹಯಗ್ರೀವನ ಅನುಗ್ರಹದಿಂದ ದೊರೆಯಿತೆಂದೂ, ನೈವೇದ್ಯದಲ್ಲಿ ಬೆರೆತ ವಿಷದ ದೋಷವು ಗುಳ್ಳದಿಂದ ಪರಿಹಾರವಾಯಿತೆಂದೂ ಐತಿಹ್ಯವಿದೆ. ವಾದಿರಾಜರು 16ನೆಯ ಶತಮಾನದವರು. ಇತಿಹಾಸದ ಉಪಾಧ್ಯಾಯನಾಗಿ ನಾನು ಐತಿಹ್ಯವನ್ನು ಕಾಲನಿರ್ಣಯಕ್ಕೆ ಬಳಸಲಾರೆ. ಆದರೆ ಅದು ಬೇರೊಂದು ಸಂಗತಿಯನ್ನು ಖಚಿತವಾಗಿ ತಿಳಿಸುತ್ತದೆ: ಊರವರು ಒಂದು ಬದನೆಯನ್ನು ತಮ್ಮ ಶ್ರದ್ಧೆಗೆ ಕಟ್ಟಿಹಾಕಿಕೊಂಡರು. ಉಡುಪಿಯ ಪರ್ಯಾಯದ ಹೊರೆಕಾಣಿಕೆಗೆ ಗುಳ್ಳ ಬೇಕು. ಗುಳ್ಳ ಬೇಕಾದರೆ ಬೀಜ ಬೇಕು. ಪೇಟೆಯ ದರ ಬಿದ್ದ ವರ್ಷವೂ ಬೀಜ ಉಳಿಯುವುದಕ್ಕೆ ಇಂಥದೊಂದು ಕಟ್ಟು ಸಹಾಯಕವಾಗಿರಬೇಕು. 2011ರಲ್ಲಿ ಮಟ್ಟುಗುಳ್ಳಕ್ಕೂ ಭೌಗೋಳಿಕ ಸೂಚಿಕೆ ಬಂತು. ಅದಕ್ಕೆ ಸ್ವಲ್ಪ ಮುಂಚೆ ಬಿಟಿ ಬದನೆಯ ವಿವಾದ ದೇಶವನ್ನೆಲ್ಲ ವ್ಯಾಪಿಸಿತ್ತು. ಕುಲಾಂತರಿ ಪ್ರಯೋಗಕ್ಕೆ ಒಳಪಟ್ಟ ಕರ್ನಾಟಕದ ಸ್ಥಳೀಯ ತಳಿಗಳಲ್ಲಿ ಉಡುಪಿಯದೂ ಒಂದು. 2010ರ ಫೆಬ್ರವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬಿಟಿ ಬದನೆಗೆ ತಡೆ ಘೋಷಿಸಿದರು.

ಗುಳ್ಳದ ಬೋಳುಹುಳಿಯನ್ನು ಉಣ್ಣದವರು ನನ್ನ ಬಂಧುಗಳಲ್ಲಿ ಯಾರೂ ಇರಲಾರರು. ಆದರೂ ಪರಊರಿನಲ್ಲಿರುವ ಶಿಷ್ಯರಿಗಾಗಿ ಬರೆಯುತ್ತೇನೆ. ಕಾಯಿಯನ್ನು ದೊಡ್ಡ ಹೋಳುಗಳಾಗಿ ಹೆಚ್ಚಿ ಕೂಡಲೇ ನೀರಿಗೆ ಹಾಕಬೇಕು, ಇಲ್ಲವಾದರೆ ಕಪ್ಪಾಗುತ್ತದೆ. ಉಪ್ಪು, ಹುಣಸೆಹುಳಿ, ಚೂರು ಬೆಲ್ಲ, ಸೀಳಿದ ಹಸಿಮೆಣಸಿನಕಾಯಿ ಸೇರಿಸಿ ಬೇಯಿಸಿ, ಬೆಂದ ತೊಗರಿಬೇಳೆಯನ್ನು ಬೆರೆಸಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರಾಯಿತು. ತೆಂಗಿನಕಾಯಿ ಅರೆದು ಹಾಕುವುದಿಲ್ಲ. ಅದಕ್ಕೇ ಅದು ‘ಬೋಳು’. ಮಸಾಲೆಯ ಮರೆ ಇಲ್ಲದಿರುವುದರಿಂದ ಕಾಯಿಯ ಯೋಗ್ಯತೆ ಇದರಲ್ಲಿ ಬಯಲಾಗುತ್ತದೆ. ಬೇರೆ ಬದನೆಯಿಂದ ಮಾಡಿ ನೋಡಿ, ವ್ಯತ್ಯಾಸವನ್ನು ನಾಲಿಗೆಯೇ ಹೇಳುತ್ತದೆ.

ಇನ್ನೂ ಹಳೆಯ ರುಚಿ ಬೇಕಾದವರು ತಂಬುಳಿ ಮಾಡಿಕೊಳ್ಳಿ. ಎಂಟು ಹತ್ತು ದೊಡ್ಡಪತ್ರೆಯ ಎಲೆಗಳನ್ನು ಜೀರಿಗೆ, ಒಳ್ಳೆಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಒಂದೆಲಗದ್ದಾದರೆ ಬಾಡಿಸುವ ಅಗತ್ಯವೂ ಇಲ್ಲ. ಬಾಲ್ಕನಿಯ ಕುಂಡದಲ್ಲಿ ಇವೆರಡೂ ಬೆಳೆಯುತ್ತವೆ. ಒಂದಕ್ಕೆ ಕಡ್ಡಿ, ಇನ್ನೊಂದಕ್ಕೆ ಬೇರುಸಹಿತವಾದ ಹಂಬು ಸಾಕು.

ಮಟ್ಟುಗುಳ್ಳಕ್ಕೆ ಮಠವಿತ್ತು, ಐತಿಹ್ಯವಿತ್ತು. ಹೆಸರಿಲ್ಲದ ತಳಿಗಳಿಗೆ ಇದ್ದುದು ಮನೆಯ ಹೆಂಗಸರ ನೆನಪು ಮಾತ್ರ. ಪತ್ತನಾಜೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ ಅವರು ಯಾವ ಗೂಡಿನಿಂದ ಯಾವ ಗಂಟನ್ನು ತೆಗೆಯಬೇಕೆಂದು ತಿಳಿದಿದ್ದರು. ಸೌತೆಯ ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಗೋಡೆಗೆ ತಟ್ಟುತ್ತಿದ್ದರು. ಬೂದಿಯು ತೇವವನ್ನು ಹೀರುತ್ತದೆ, ಹುಳುವನ್ನು ದೂರವಿಡುತ್ತದೆ. ಹೀರೆಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು, ಇಡೀ ಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ನಮ್ಮ ಅರಸರ ವಂಶಾವಳಿಗಳನ್ನು ಬರೆದಿಟ್ಟವರು ಅನೇಕರಿದ್ದಾರೆ. ಈ ವಂಶಾವಳಿಗಳನ್ನು ಯಾರೂ ಬರೆಯಲಿಲ್ಲ.

ಈಗ ಪೇಟೆಯ ಪೊಟ್ಟಣದಲ್ಲಿ ಬರುವ ಮಿಶ್ರತಳಿಯ ಬೀಜವು ಮೊದಲ ವರ್ಷ ಚೆನ್ನಾಗಿ ಫಲ ಕೊಡುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ಬೀಜವನ್ನು ಇಟ್ಟು ಬಿತ್ತಿದರೆ ಮುಂದಿನ ಗಿಡಗಳು ಒಂದೊಂದು ಒಂದೊಂದು ತೆರನಾಗುತ್ತವೆ. ಜತೆಗೆ ಹೀರೆ, ಸೌತೆ, ಹಾಗಲಗಳಲ್ಲಿ ಗಂಡುಹೂ ಹೆಣ್ಣುಹೂ ಬೇರೆಬೇರೆ; ದುಂಬಿಯು ನೆರೆಮನೆಯ ಬಳ್ಳಿಯ ಪರಾಗವನ್ನು ತಂದರೆ ನಮ್ಮ ಬೀಜವೂ ಬೆರಕೆಯಾಗುತ್ತದೆ. ಬದನೆ, ಅವರೆಗಳಲ್ಲಿ ಈ ಭಯ ಕಡಿಮೆ.

ಬಂಧುಗಳಿಗೆ ಒಂದು ವಿಷಯ ತಿಳಿಸಬೇಕಾಗಿದೆ. ನಮ್ಮ ದೊಡ್ಡಮ್ಮನ ಹಿತ್ತಿಲಿನ ಹೀರೆ ನಿಮಗೆ ನೆನಪಿರಬೇಕು: ಮೊಳದುದ್ದ, ತಿಳಿಹಸಿರು, ಏಣುಗಳು ಮೊಂಡು, ಬಲಿತರೂ ನಾರಿಲ್ಲ. ದೊಡ್ಡಮ್ಮ ತೀರಿಕೊಂಡದ್ದು 1998ರಲ್ಲಿ. ಎರಡೇ ವರ್ಷಗಳಲ್ಲಿ ಮನೆಯೂ ಪರರ ಪಾಲಾಯಿತು. ಸಾಗರದಲ್ಲಿರುವ ಅಕ್ಕ ಬಹುಕಾಲ ಆ ಬೀಜವನ್ನು ನಡೆಸಿಕೊಂಡು ಬಂದಳು. ಪಕ್ಕದ ಮನೆಯವರು ಪೊಟ್ಟಣದ ಹೀರೆ ಹಾಕಿದ ಮೇಲೆ ಅವಳ ಬಳ್ಳಿಯಲ್ಲಿ ಗಿಡ್ಡ ಕಾಯಿಗಳು ಕಾಣಿಸತೊಡಗಿದವು. ಪುತ್ತೂರಿಗೂ ಮುಂಬಯಿಗೂ ಮದುವೆಯಾಗಿ ಹೋದವರಿಗೆ ದೊಡ್ಡಮ್ಮ ಬೀಜದ ಗಂಟನ್ನು ಕೊಟ್ಟದ್ದು ನನಗೆ ನೆನಪಿದೆ. ಅಂದಿನ ಬೀಜವೇ ಡಬ್ಬಿಯಲ್ಲಿದ್ದರೆ ಅದು ಇನ್ನು ಮೊಳೆಯಲಾರದು. ಈ ದಾಖಲೆಯನ್ನು ಕಪಾಟಿನಲ್ಲಿಟ್ಟು ಕಾಪಾಡಲಾಗದು, ಕೆಲವು ವರ್ಷಗಳಿಗೊಮ್ಮೆಯಾದರೂ ಮಣ್ಣಿಗೆ ಹಾಕಲೇಬೇಕು. ಯಾರಾದರೂ ಬಿತ್ತುತ್ತ ಬಂದಿದ್ದರೆ ಹತ್ತು ಬೀಜ ಕಳುಹಿಸಿ. ನಮ್ಮ ಈಗಿನ ಮನೆಯ ಸುತ್ತ ಬೇರೆ ಹೀರೆಯ ಬಳ್ಳಿ ಇಲ್ಲ. ಹೀರೆಯ ಹೂ ಅರಳುವುದು ಸಂಜೆ. ಹೆಣ್ಣುಹೂವಿಗೆ ಮೊಗ್ಗಿನಲ್ಲಿಯೇ ಬಟ್ಟೆ ಕಟ್ಟಿ, ಅರಳಿದಾಗ ಕೈಯಿಂದ ಪರಾಗ ತಾಗಿಸುವುದಕ್ಕೆ ನಿವೃತ್ತನಾದ ನನಗೆ ಸಮಯಕ್ಕೇನೂ ಕೊರತೆಯಿಲ್ಲ. ಮೇ ತಿಂಗಳೊಳಗೆ ತಲುಪಿದರೆ ಮೊದಲ ಮಳೆಗೆ ಹಾಕುತ್ತೇನೆ.