ಶಾಸನವಿಲ್ಲದ ಭಾಷೆಯ ಇತಿಹಾಸ



ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಮಳವಳ್ಳಿಗಳ ಹೆಸರನ್ನು ನೀವು ಇತಿಹಾಸದ ಪಾಠಗಳಲ್ಲಿ ಓದಿರಬಹುದು. ಮಳವಳ್ಳಿಯ ಕಂಬದ ಮೇಲಿರುವುದು ಪ್ರಾಕೃತ. ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನದಲ್ಲಿರುವುದು ಸಂಸ್ಕೃತ. ಶಿಕಾರಿಪುರ, ಸೊರಬ ಸೀಮೆಯ ಅನೇಕ ಊರುಗಳಲ್ಲಿ ಕನ್ನಡದ ವೀರಗಲ್ಲುಗಳೂ ಇವೆ. ಆದರೆ ಇದೇ ನೆಲದ ತಾಂಡಾಗಳಲ್ಲಿ ದಿನನಿತ್ಯ ಕೇಳಿಬರುವ ಮತ್ತೊಂದು ಭಾಷೆ ಈ ಹಳೆಯ ಶಾಸನಗಳಲ್ಲಿ ಕಾಣಸಿಗುವುದಿಲ್ಲ. ಅದು ಲಂಬಾಣಿ. ಅದನ್ನಾಡುವವರು 'ಗೋರ್ ಬೋಲಿ' ಎನ್ನುತ್ತಾರೆ. ಶಾಸನವಿಲ್ಲದ ಭಾಷೆಗೆ ಇತಿಹಾಸವಿದೆಯೇ? ಇದೆ. ಅದು ಆಡುವ ಪದಗಳಲ್ಲಿಯೇ ಉಳಿದಿದೆ.

ಲಂಬಾಣಿಯಲ್ಲಿ ನೀರಿಗೆ 'ಪಾಣಿ', ಕೈಗೆ 'ಹಾತ್', ಮೂರಕ್ಕೆ 'ತೀನ್'. ಸಂಸ್ಕೃತದ 'ಹಸ್ತ' ಪ್ರಾಕೃತದಲ್ಲಿ 'ಹತ್ಥ'ವಾಗಿ, ಮುಂದೆ 'ಹಾತ್' ಆಯಿತು. ಹೀಗಾಗಿ ಇದು ಕನ್ನಡದಂತೆ ದ್ರಾವಿಡ ಭಾಷೆಯಲ್ಲ. ರಾಜಸ್ಥಾನಿ, ಗುಜರಾತಿಗಳ ಬಳಗಕ್ಕೆ ಸೇರಿದ್ದು. ದೂರದ ಪೇಶಾವರದ ಹಿಂದ್ಕೋ ಭಾಷೆಯಲ್ಲೂ ನೀರು 'ಪಾಣಿ'ಯೇ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ 1907ರ ಸಂಪುಟದಲ್ಲಿ ಈ ಭಾಷೆಯ ವಿವರಣೆ ದೊರೆಯುತ್ತದೆ.

ಇಷ್ಟು ದೂರದ ಭಾಷೆ ಮಲೆನಾಡಿನ ಅಂಚಿಗೆ ಬಂದದ್ದು ಹೇಗೆ? ಹೇರೆತ್ತುಗಳ ಜೊತೆಯಲ್ಲಿ. ಲಂಬಾಣಿಗಳು ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದರು. ದಖ್ಖನಿಗೆ ಬಂದ ಮೊಗಲ್ ಸೇನೆಗಳಿಗೂ, 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿದ ಕಾರ್ನ್‌ವಾಲಿಸನ ಸೇನೆಗೂ ಧಾನ್ಯ ಒದಗಿಸಿದವರು ಇವರೇ. ಮುಂದೆ ರೈಲು, ರಸ್ತೆಗಳು ಬಂದಾಗ ಈ ಕಸುಬು ಕುಸಿಯಿತು. ಅಲೆದಾಡುತ್ತಿದ್ದ ತಾಂಡಾಗಳು ಒಂದೆಡೆ ನೆಲೆ ನಿಂತು, ಬೇಸಾಯ ಮತ್ತು ಕೂಲಿಯನ್ನು ಅವಲಂಬಿಸಿದವು. ಶಿಕಾರಿಪುರಕ್ಕೆ ನೆರೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಸಂತ ಸೇವಾಲಾಲರ ನೆನಪಿನ ಯಾತ್ರಾಸ್ಥಳವಾಗಿದೆ.

ಸ್ವಂತ ಲಿಪಿ ಬಳಕೆಯಲ್ಲಿಲ್ಲದ ಈ ಭಾಷೆಯನ್ನು ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ಆಂಧ್ರ-ತೆಲಂಗಾಣಗಳಲ್ಲಿ ತೆಲುಗು ಲಿಪಿಯಲ್ಲಿ ಬರೆಯುತ್ತಾರೆ. ಆಯಾ ನಾಡಿನ ಪದಗಳೂ ಅದರೊಳಗೆ ಬೆರೆತಿವೆ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಮ್ಮ ಮಾತೃಭಾಷೆ ಎಂದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಆದರೆ ಅವರ ಲೆಕ್ಕ ಸೇರಿದ್ದು ಹಿಂದಿಯ ಪಟ್ಟಿಗೆ! ಸಂವಿಧಾನದ 8ನೆಯ ಅನುಸೂಚಿಯಲ್ಲಿಯೂ ಈ ಭಾಷೆಗೆ ಸ್ಥಾನವಿಲ್ಲ.

ಇದರ ಪರಿಣಾಮವನ್ನು ಯೋಚಿಸಿ. ತಾಂಡಾದ ಮಗುವಿಗೆ ತಾಯಿ 'ಯಾಡಿ'. ಶಾಲೆಯ ಪುಸ್ತಕದಲ್ಲಿ ಆ ಪದವಿಲ್ಲ. ಮಗು ಕನ್ನಡ ಕಲಿಯಬೇಕು, ಅದು ಅನ್ನ ಕೊಡುವ ಭಾಷೆ; ಆದರೆ ಮನೆಮಾತನ್ನು ಆಡಲು ನಾಚುವಂತಾದರೆ, ಹೇರೆತ್ತಿನ ಕಾಲದ ಹಾಡು, ಗಾದೆ, ದಾರಿಯ ನೆನಪುಗಳು ಅಜ್ಜಿಯರೊಡನೆಯೇ ಅಳಿಯುತ್ತವೆ. ಕಲ್ಲಿನ ಶಾಸನ ಮಣ್ಣಿನಲ್ಲಿ ಹೂತಿದ್ದರೂ ಮತ್ತೆ ಸಿಕ್ಕೀತು. ಮಾತು ಹಾಗಲ್ಲ.

ನಿಮ್ಮ ತರಗತಿಯಲ್ಲಿ ತಾಂಡಾದ ಗೆಳೆಯರಿದ್ದರೆ, ಅವರ ಮನೆಯ ಹಿರಿಯರನ್ನು ಕೇಳಿ, ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡಿ. ನೀವೇ ತಾಂಡಾದವರಾದರೆ ಈ ಕೆಲಸ ಇಂದು ಸಂಜೆಯೇ ಆರಂಭವಾಗಬಹುದು.