ಪೂರ್ಣ ಗಾತ್ರದ ಪಿಸ್ತೂಲು ಧರಿಸುವಿಕೆ
ಆತ್ಮರಕ್ಷಣೆಗಾಗಿ ದೊಡ್ಡ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಕಟ್ಟಿಕೊಳ್ಳುವ, ಅಮೆರಿಕದ ನಾಗರಿಕರಲ್ಲಿರುವ ರೂಢಿ. ಅಲ್ಲಿನ ಸುಪ್ರೀಂ ಕೋರ್ಟ್ 2022ರ ಬ್ರೂಯೆನ್ ಪ್ರಕರಣದಲ್ಲಿ, ಆತ್ಮರಕ್ಷಣೆಗಾಗಿ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯುವುದನ್ನು ಸಾಂವಿಧಾನಿಕ ಹಕ್ಕೆಂದು ಎತ್ತಿಹಿಡಿಯಿತು. ಹೆಸರಾಂತ ಮಾದರಿ ಎಂದರೆ ಜಾನ್ ಬ್ರೌನಿಂಗ್ ರೂಪಿಸಿ, 1911ರಲ್ಲಿ ಸೇನೆ ಸ್ವೀಕರಿಸಿದ ಎಂ1911: 5 ಅಂಗುಲದ ನಳಿಗೆ, ಖಾಲಿಯಿದ್ದಾಗಲೇ ಸುಮಾರು 1.1 ಕಿ.ಗ್ರಾಂ. ಈ ಭಾರದಿಂದಾಗಿ ಹಾರಿಸುವಾಗ ಒದೆತ ಕಡಿಮೆ, ಗುರಿ ಸಲೀಸು; ದಿನವಿಡೀ ಸೊಂಟದಲ್ಲಿ ಹೊರುವ ಕಷ್ಟ ಬೇರೆ. ಅಂಗಿಯಡಿ ಉಬ್ಬಿ ಗುಟ್ಟು ಬಿಟ್ಟುಕೊಡುವುದು ಸಾಮಾನ್ಯವಾಗಿ ನಳಿಗೆಯಲ್ಲ, ಹಿಡಿ. ಹಿಡಿಯನ್ನು ಮೈಗೊತ್ತಿಸುವ, ಟ್ರಿಗರನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಅಗತ್ಯ. ಜನ ಪಿಸ್ತೂಲಿಗೆ ಧಾರಾಳವಾಗಿ ಖರ್ಚು ಮಾಡಿ ಬೆಲ್ಟಿಗೆ ಜುಗ್ಗತನ ತೋರುವುದುಂಟು. ಮೆತ್ತನೆಯ ಬೆಲ್ಟಿನಲ್ಲಿ ಎಂಥ ಹೋಲ್‌ಸ್ಟರ್ ಆದರೂ ಜೋತುಬೀಳುತ್ತದೆ.